ಕೋಟೆಯೂ ಹಿಮಾಲಯವೂ ಒಂದೇ ಕಪಾಟಿನಲ್ಲಿ

ದಾವಣಗೆರೆಯಲ್ಲಿ ಮಂಡಕ್ಕಿ ಕಟ್ಟಿಸಿಕೊಂಡಾಗ ಪೊಟ್ಟಣದ ಕಾಗದವನ್ನು ಒಮ್ಮೆ ಬಿಡಿಸಿ ನೋಡಿದ್ದೀರಾ? ಅದು ಯಾರದೋ ಮನೆಯ ಕಾದಂಬರಿಯ ಹಾಳೆಯಾಗಿರುವುದೂ ಉಂಟು. ಮನೆಗೆ ಸುಣ್ಣ ಹೊಡೆಸುವಾಗ ಮೊದಲು ರದ್ದಿಗೆ ಹೋಗುವುದು ಪುಸ್ತಕಗಳೇ ತಾನೇ? “ಓದಿ ಆಯ್ತಲ್ಲ, ಇನ್ಯಾಕ್ರೀ?” ಅಂತ ತೂಕಕ್ಕೆ ಹಾಕಿಬಿಡ್ತೀವಿ. ಹಾಕುವ ಮುನ್ನ ಎರಡು ಬಗೆಯವನ್ನು ಎತ್ತಿಡಿ: ಐತಿಹಾಸಿಕ ಕಾದಂಬರಿಗಳು, ಬೆಟ್ಟ ಹತ್ತಿದವರ ಕಥೆಗಳು. ಬೆಳೆಯುವ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇವೆರಡೂ ಬೇಕು.

ಮೊದಲನೆಯದಕ್ಕೆ ನಾವು ದೂರ ಹೋಗಬೇಕಿಲ್ಲ. ತ.ರಾ.ಸು. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲೇ. ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂದು ಸಾಲಾಗಿ ಬರೆದರು. 1779ರಲ್ಲಿ ಕೋಟೆ ಹೈದರಾಲಿಯ ವಶವಾದ ಕಥೆಯೇ 1982ರ ‘ದುರ್ಗಾಸ್ತಮಾನ’. ಅವರು 1984ರಲ್ಲಿ ತೀರಿಕೊಂಡ ಮೇಲೆ, 1985ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಹಳೆಯ ಪ್ರತಿ ಹರಿದಿದ್ದರೆ ಚಿಂತೆ ಬೇಡ. ಇವು ಮರುಮುದ್ರಣ ಕಂಡಿರುವ ಪುಸ್ತಕಗಳು.

ಎರಡನೆಯ ಬಗೆ ನಮ್ಮಲ್ಲಿ ಕಡಿಮೆ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ದಿಂದ ಶುರುಮಾಡಿ. ಸೈಬೀರಿಯಾದ ಸೆರೆಶಿಬಿರದಿಂದ ತಪ್ಪಿಸಿಕೊಂಡವರು ಗೋಬಿ ಮರುಭೂಮಿ ದಾಟಿ, ಹಿಮಾಲಯ ಹತ್ತಿಳಿದು ಭಾರತ ಸೇರುವ ಕಥೆ. ಓದಲು ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯೋದಿಲ್ಲ!

ಇಲ್ಲೇ ಒಂದು ಎಚ್ಚರ ಬೇಕು. ಸ್ಲಾವೊಮಿರ್ ರಾವಿಚ್ ಅವರ ಮೂಲ ಪುಸ್ತಕ 1956ರಲ್ಲಿ ಸ್ವಂತ ಅನುಭವವೆಂದೇ ಪ್ರಕಟವಾಗಿತ್ತು. 2006ರಲ್ಲಿ ಬಿಬಿಸಿ ಹೊರಗೆಡಹಿದ ಸೋವಿಯತ್ ದಾಖಲೆಗಳ ಪ್ರಕಾರ, ಅವರನ್ನು 1942ರಲ್ಲಿ ಬಿಡುಗಡೆ ಮಾಡಿ ಇರಾನಿಗೆ ಕಳಿಸಲಾಗಿತ್ತು. ಹಾಗಂತ ಪುಸ್ತಕವನ್ನು ಎಸೆಯಬೇಕೇ? ಬೇಡ. ಕಾದಂಬರಿಯ ಸಾಲಿಗೆ ಸರಿಸಿದರೆ ಸಾಕು.

ಮಕ್ಕಳು “ಇದು ನಿಜಾನಾ ಅಮ್ಮಾ?” ಎಂದು ಕೇಳುತ್ತಾರೆ. “ಸುಮ್ನೆ ಓದು” ಎನ್ನಬೇಡಿ. ಹರಿಹರೇಶ್ವರ ದೇವಾಲಯ 1224ರದು ಎಂದು ನಾವು ಧೈರ್ಯವಾಗಿ ಹೇಳುವುದು ಪೋಲಾಳ್ವ ದಂಡನಾಯಕನ ಶಾಸನ ಇರುವುದರಿಂದ. ಪುಸ್ತಕಕ್ಕೂ ಅಂಥ ಗುರುತುಂಟು. ಒಳಪುಟದಲ್ಲಿ ಮೊದಲ ಮುದ್ರಣದ ವರ್ಷ ನೋಡಿ. ಮರುಮುದ್ರಣದ ವರ್ಷವನ್ನೇ ಬರೆದ ವರ್ಷವೆಂದು ತಿಳಿಯಬೇಡಿ. ಮುನ್ನುಡಿಯನ್ನು ಬಿಡದೆ ಓದಿಸಿ. ಮದಕರಿ ನಾಯಕ ಇತಿಹಾಸದವನು. ಕಾದಂಬರಿಯಲ್ಲಿ ಅವನಾಡುವ ಮಾತು ಲೇಖಕರ ಕಲ್ಪನೆ. ಇಷ್ಟು ತಿಳಿದ ಹುಡುಗಿಯನ್ನು ನಾಳೆ ಯಾರೂ ಸುಲಭವಾಗಿ ನಂಬಿಸಲಾರರು.

ಕಥೆಯ ಪಕ್ಕದಲ್ಲಿ ನಿಜವನ್ನೂ ಇಡಿ. ಎವರೆಸ್ಟ್ ಏರಿದ ಮೊದಲ ಮಹಿಳೆ ಜಪಾನಿನ ಜುಂಕೊ ತಾಬೆ, 1975ರಲ್ಲಿ. ನಮ್ಮ ಬಚೇಂದ್ರಿ ಪಾಲ್ 1984ರಲ್ಲಿ ಏರಿದರು. ಕಿಂಡಿಯ ಬಳಿ ಒನಕೆ ಹಿಡಿದು ನಿಂತ ಓಬವ್ವನನ್ನು ನಮ್ಮಲ್ಲಿ ಬಹಳ ಜನ ಕಂಡದ್ದು 1972ರ ‘ನಾಗರಹಾವು’ ಚಿತ್ರದಲ್ಲಿ, ಜಯಂತಿಯವರ ರೂಪದಲ್ಲಿ. ಮಗಳು ಇವರನ್ನೆಲ್ಲ ಓದಿ, “ಶಾಲೆಯಿಂದ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾರೆ, ನಾನೂ ಹೋಗ್ಲಾ?” ಎಂದರೆ, ಜೊತೆಗೆ ಯಾರಿದ್ದಾರೆ, ಕಾಲಿಗೆ ಯಾವ ಶೂ ಎಂದು ಖಂಡಿತ ವಿಚಾರಿಸಿ. “ಹೆಣ್ಣುಹುಡುಗಿಗೆ ಅದೆಲ್ಲ ಯಾಕೆ?” ಎಂದು ಮಾತ್ರ ಕೇಳಬೇಡಿ.

ಕಪಾಟಿನ ಆರೈಕೆ ಸುಲಭ. ಗೋಡೆಗೆ ತಾಗಿಸದೆ ಇಡಿ, ಒಣಗಿದ ಬೇವಿನೆಲೆ ಹಾಕಿ, ಮಳೆಗಾಲ ಮುಗಿದ ಮೇಲೆ ಗಾಳಿಯಾಡಿಸಿ. ಯಾರಾದರೂ ಒಯ್ದರೆ ಹಾಲಿನ ಲೆಕ್ಕದ ಪುಸ್ತಕದಲ್ಲೇ ಹೆಸರು ಬರೆದುಕೊಳ್ಳಿ, ವಾಪಸು ಕೇಳಲು ಸಂಕೋಚ ಬೇಡ!