ಕಾರಿನ ಹೊಳಪೂ ಕೈಯ ಹದವೂ

ಭಾನುವಾರದ ಬೆಳಗಿನಲ್ಲಿ ಬಿನ್ನಿಪೇಟೆಯ ಯಾವ ಅಡ್ಡರಸ್ತೆಯನ್ನಾದರೂ ಹೊಕ್ಕು ನೋಡಿರಿ. ಬಾಗಿಲಿಗೆ ಹಾಕಿದ ನೀರು ಇನ್ನೂ ಆರಿರುವುದಿಲ್ಲ. ಮನೆಯ ಯಜಮಾನರೊಬ್ಬರು ಪಂಚೆಯನ್ನು ಮೇಲಕ್ಕೆ ಕಟ್ಟಿ, ಹಳೆಯ ಬನಿಯನ್ನಿನ ತುಂಡೊಂದನ್ನು ಹಿಡಿದು ತಮ್ಮ ಕಾರಿನ ಮೈಯನ್ನು ಉಜ್ಜುತ್ತಿರುತ್ತಾರೆ. ಒಳಗಿನಿಂದ ಕಾಫಿಗೆ ಮೂರು ಸಲ ಕರೆ ಬಂದರೂ ಅವರಿಗೆ ಕೇಳಿಸುವುದಿಲ್ಲ. 1884ರಲ್ಲಿ ಸ್ಥಾಪಿತವಾಗಿ ಮುಂದೆ ಬಿನ್ನಿ ಕಂಪೆನಿಯ ಕೈಸೇರಿದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯಿಂದ ಹೆಸರು ಪಡೆದ ಪೇಟೆ ಇದು. ಗಿರಣಿ ಇದ್ದ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡಗಳೆದ್ದಿವೆ. ಆದರೂ ಹಳೆಯ ಅಡ್ಡರಸ್ತೆಗಳಲ್ಲಿ ಸ್ವಂತ ಕೈಯಿಂದ ಕೆಲಸ ಮಾಡುವ ಚಪಲ ಹೋಗಿಲ್ಲ. ಆ ಚಪಲ ನನ್ನನ್ನೂ ಒಮ್ಮೆ ಹಿಡಿಯಿತು. ಅದರ ಫಲವೇನಾಯಿತೆಂಬುದನ್ನು ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ.

ನಮ್ಮ ತಂದೆಯವರ ಬಳಿ ಕಡು ಹಸಿರು ಬಣ್ಣದ ಪ್ರೀಮಿಯರ್ ಪದ್ಮಿನಿ ಕಾರೊಂದಿದೆ. ಅವರು ಕೊಂಡಾಗಲೇ ಅದು ಇನ್ನೊಬ್ಬರ ಕೈಯಲ್ಲಿ ಓಡಿದ್ದ ಗಾಡಿ. ನನ್ನ ತಂಗಿ ಹುಟ್ಟಿದಾಗ ವಾಣಿವಿಲಾಸ ಆಸ್ಪತ್ರೆಯಿಂದ ತಾಯಿ ಮಗುವನ್ನು ಮನೆಗೆ ಕರೆತಂದದ್ದು ಅದರಲ್ಲಿಯೇ. ಆ ತಂಗಿಗೆ ಮದುವೆ ಗೊತ್ತಾಯಿತು. ಮಗಳನ್ನು ಇದೇ ಕಾರಿನಲ್ಲಿ ಕಲ್ಯಾಣಮಂಟಪಕ್ಕೆ ಕರೆದೊಯ್ಯಬೇಕೆಂಬುದು ತಂದೆಯವರ ಹಂಬಲ. ಅಷ್ಟರಲ್ಲಿ ಯಾರದೋ ದ್ವಿಚಕ್ರ ವಾಹನದ ಹಿಡಿ ತಗುಲಿ, ಎಡಬದಿಯ ಬಾಗಿಲಿನ ಮೇಲೆ ಗೇಣುದ್ದದ ಗೀರು ಬಿದ್ದಿತು. ತಂದೆಯವರು ಊರಿನಲ್ಲಿ ಇಲ್ಲದ ಎರಡು ದಿನಗಳಲ್ಲಿ ಅದನ್ನು ಮಾಯಮಾಡಿ ಅವರನ್ನು ಬೆರಗುಗೊಳಿಸಬೇಕೆಂದು ನಾನು ಮನಸ್ಸಿನಲ್ಲಿಯೇ ಮಂಡಿಗೆ ತಿಂದೆ.

ಜೆ.ಸಿ. ರಸ್ತೆಗೆ ಹೋಗಿ ವಾಟರ್ ಪೇಪರ್ ಎನ್ನುವ ಕಪ್ಪು ಉಪ್ಪುಕಾಗದವನ್ನೂ, ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡನ್ನೂ ತಂದೆ. ಅಂಗಡಿಯವನು ಯಾವ ನಂಬರ್ ಬೇಕೆಂದು ಕೇಳಿದಾಗ, ಬೇಗ ಕೆಲಸವಾಗಲೆಂದು 800 ಎಂದೆ. ಕಾಗದವನ್ನು ನಾಲ್ಕಾಗಿ ಮಡಚಿ, ನೀರಿನಲ್ಲಿ ಅದ್ದಿ, ಬೆರಳುಗಳಿಂದ ಒತ್ತಿ ಉಜ್ಜತೊಡಗಿದೆ. ಹಸಿರು ನೀರು ಇಳಿಯಿತು. ಗೀರು ಮಸುಕಾಯಿತು. ಉತ್ಸಾಹ ಏರಿತು! ಬಾಗಿಲಿನ ನಡುವೆ ಉದ್ದಕ್ಕೂ ಏಣಿನಂತೆ ಒಂದು ಮಡಿಕೆ ಇದೆ. ಕಾಗದ ಅದರ ಮೇಲೆಯೂ ಹತ್ತಾರು ಸಲ ಹಾಯ್ದಿತು. ಬಟ್ಟೆಯಿಂದ ಒರೆಸಿ ನೋಡಿದೆ. ಮಡಿಕೆಯ ಉದ್ದಕ್ಕೂ ಹಸಿರು ಮಾಯವಾಗಿ ಬೂದಿಬಣ್ಣದ ಪ್ರೈಮರ್ ಇಣುಕುತ್ತಿತ್ತು.

ಮರುದಿನ ತಂದೆಯವರು ಬಂದರು. ಕೈಚೀಲವನ್ನು ಕೆಳಗಿಡದೆ ಸ್ವಲ್ಪ ಹೊತ್ತು ಬಾಗಿಲನ್ನೇ ನೋಡಿದರು. “ಗೀರು ಹೋಯ್ತಲ್ಲಪ್ಪ,” ಎಂದಷ್ಟೇ ಹೇಳಿ ಒಳಗೆ ನಡೆದರು. ಅವರು ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಹಿಂದಿನ ಬೀದಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವುದರಲ್ಲಿಯೇ ಆಯುಷ್ಯ ಕಳೆದ ಮೇಸ್ತ್ರಿಯೊಬ್ಬರಿದ್ದಾರೆ. ಅವರನ್ನು ಕರೆತಂದೆ. ಕನ್ನಡಕವನ್ನು ಹಣೆಗೇರಿಸಿ, ಬಾಗಿಲಿನ ಮೇಲೆ ಅಂಗೈಯಾಡಿಸಿ ಕೇಳಿದರು: “ನೀರು ಯಾಕೆ ಹಾಕ್ತಾರೆ, ಗೊತ್ತಾ ಸ್ವಾಮಿ?”

“ಬಿಸಿಯಾಗದೆ ಇರಲಿ ಅಂತ.”

“ಅದೂ ಉಂಟು. ಆದರೆ ಉಜ್ಜಿದ ಪುಡಿ ಕಾಗದದಲ್ಲೇ ಕೂತರೆ ಅದೇ ಇನ್ನೊಂದು ಗೀರು ಹಾಕುತ್ತೆ. ನೀರು ಅದನ್ನ ತೊಳಕೊಂಡು ಹೋಗಬೇಕು.”

ಈ ಮಾತಿನ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಕಥೆಯಿದೆ. ಮೋಟಾರು ಕಾರಿನ ಆರಂಭದ ದಿನಗಳಲ್ಲಿ ಬಣ್ಣದ ಮೈಯನ್ನು ಒಣಗಿದ ಕಾಗದದಿಂದಲೇ ಉಜ್ಜುತ್ತಿದ್ದರು. ಸೀಸ ಬೆರೆತ ಬಣ್ಣದ ಧೂಳು ಕಾರ್ಖಾನೆಯನ್ನೆಲ್ಲ ತುಂಬಿ ಕೆಲಸಗಾರರ ಶ್ವಾಸಕೋಶವನ್ನು ಸೇರುತ್ತಿತ್ತು. ನೀರು ಹಾಕೋಣವೆಂದರೆ ಕಾಗದ ನೆನೆದು, ಅಂಟು ಬಿಟ್ಟು, ಹರಳುಗಳು ಉದುರುತ್ತಿದ್ದವು. ಫಿಲಡೆಲ್ಫಿಯದಲ್ಲಿ ಮುದ್ರಣದ ಶಾಯಿ ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕಿ ಎಂಬಾತ ನೀರಿಗೆ ಜಗ್ಗದ ಕಾಗದವನ್ನು ರೂಪಿಸಿದ. ಇಂದು ತ್ರೀಎಂ ಎಂದು ಕರೆಯುವ ಅಮೆರಿಕದ ಕಂಪೆನಿ ಅದನ್ನು 1921ರಲ್ಲಿ ಮಾರುಕಟ್ಟೆಗೆ ತಂದಿತು. ಆ ಕಾಗದದ ಮೇಲಿನ ಕಪ್ಪು ಹರಳು ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಎಡ್ವರ್ಡ್ ಆಚೆಸನ್ ವಿದ್ಯುತ್ತಿನ ಶಾಖದಿಂದ ಪಡೆದ, ವಜ್ರಕ್ಕಿಂತ ತುಸುವೇ ಮೃದುವಾದ ವಸ್ತು. ನಾನು ಬೆರಳಿನಡಿ ಒತ್ತಿ ಹಿಡಿದದ್ದು ಎಂಥ ಆಯುಧವೆಂಬುದು ಆಗ ನನಗೆ ತಿಳಿದಿರಲಿಲ್ಲ.

ಆ ಆಯುಧಕ್ಕೆ ಗುರಿಯಾಗುವ ಮೈಯಾದರೂ ಎಷ್ಟು ದಪ್ಪ? ಈಗಿನ ಹೊಸ ಕಾರಿನಲ್ಲಿ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮಕ್ಕಳ ಪಟ್ಟಿಯಿಂದ ಒಂದು ಹಾಳೆಯನ್ನು ಹರಿದು ಬೆರಳುಗಳ ನಡುವೆ ಹಿಡಿದರೆ ಹೆಚ್ಚುಕಡಮೆ ಅಷ್ಟೇ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ನಲವತ್ತೈವತ್ತು ಮೈಕ್ರಾನ್ ಮಾತ್ರ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುವ ಹೊಣೆಯೂ ಅದರದೇ. ಆದುದರಿಂದ ಹೊಳಪಿನ ಆಸೆಗೆ ಅದನ್ನು ತೀರ ತೆಳ್ಳಗೆ ಮಾಡಿದರೆ, ಆ ದಿನ ಕನ್ನಡಿಯಂತೆ ಮಿನುಗಿದ ಕಾರು ಕೆಲವು ಬೇಸಗೆಗಳ ಬಳಿಕ ಸಿಪ್ಪೆ ಏಳತೊಡಗುತ್ತದೆ.

ಇನ್ನೊಂದು ಭ್ರಮೆಯನ್ನೂ ಮೇಸ್ತ್ರಿ ಬಿಡಿಸಿದರು. ಉಜ್ಜುವುದರಿಂದ ಗೀರು ತುಂಬುವುದಿಲ್ಲ; ಸುತ್ತಲಿನ ನೆಲವೇ ಗುಂಡಿಯ ಮಟ್ಟಕ್ಕೆ ಇಳಿಯುತ್ತದೆ. ಉಗುರನ್ನು ಗೀರಿಗೆ ಅಡ್ಡವಾಗಿ ಎಳೆದು ನೋಡಬೇಕು. ಉಗುರು ಸಿಕ್ಕಿಕೊಂಡರೆ ಆ ಗೀರು ಆಳವಾದದ್ದು, ಕಾಗದದ ಗೊಡವೆಗೆ ಹೋಗತಕ್ಕದ್ದಲ್ಲ. ನಮ್ಮ ಗೀರಿನಲ್ಲಿ ಉಗುರು ಚೆನ್ನಾಗಿಯೇ ಸಿಕ್ಕುತ್ತಿತ್ತು. ನೋಡುವ ತಾಳ್ಮೆ ನನಗಿರಲಿಲ್ಲ, ಅಷ್ಟೆ.

ಉಜ್ಜುವಾಗ ಇಳಿಯುವ ನೀರಿನ ಬಣ್ಣವೂ ಮಾತನಾಡುತ್ತದೆ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಅದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿರಬೇಕು. ಕಾರಿನ ಬಣ್ಣ ಕಂಡಿತೋ, ತಕ್ಷಣ ಕೈ ನಿಲ್ಲಬೇಕು. ನಮ್ಮ ಪದ್ಮಿನಿಗೆ ಕ್ಲಿಯರ್ ಕೋಟೇ ಇಲ್ಲ. ಮೇಲಿನಿಂದ ಪ್ರೈಮರಿನವರೆಗೆ ಒಂದೇ ಹಸಿರು. ಮೊದಲ ಎಳೆತದಿಂದಲೇ ಹಸಿರು ನೀರು ಇಳಿಯುವುದು ಅಲ್ಲಿ ಸಹಜ. ಎಚ್ಚರಿಕೆಯ ಗಂಟೆಯೇ ಇಲ್ಲದ ಮನೆಗೆ ನಾನು ನುಗ್ಗಿದ್ದೆ. ಮೇಲಾಗಿ ಏಣು, ಅಂಚುಗಳಲ್ಲಿ ಬಣ್ಣ ಮೊದಲೇ ತೆಳು. ಕೈಯ ಭಾರವೂ ಅಲ್ಲಿಯೇ ಹೆಚ್ಚು ಬೀಳುತ್ತದೆ. ಅಂಥ ಕಡೆ ಮೊದಲು ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳುವುದು ಬಲ್ಲವರ ಪದ್ಧತಿ.

ಮೇಸ್ತ್ರಿ ಬಾಗಿಲಿಗೆ ಹೊಸದಾಗಿ ಪ್ರೈಮರ್ ಹೊಡೆದು, ಹಸಿರನ್ನು ಹತ್ತಿರ ಹತ್ತಿರ ಹೊಂದಿಸಿ ಬಣ್ಣ ಸಿಂಪಡಿಸಿದರು. ಒಂದು ವಾರ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ! ಒಳಗೆ ಗಟ್ಟಿಯಾಗದ ಬಣ್ಣವನ್ನು ಉಜ್ಜಿದರೆ ಆಮೇಲೆ ಅದು ಇಂಗಿ ಹೊಳಪು ಕುಂದುತ್ತದೆಯಂತೆ. ವಾರ ಕಳೆದ ಮೇಲೆ, ಹೊಸ ಬಣ್ಣದಲ್ಲಿ ಕಿತ್ತಲೆ ಸಿಪ್ಪೆಯಂತೆ ಎದ್ದಿದ್ದ ಉಬ್ಬುತಗ್ಗುಗಳನ್ನು ಸಮ ಮಾಡುವ ಕೆಲಸವನ್ನು ನನ್ನ ಕೈಗೇ ಕೊಟ್ಟರು. ಈ ಸಲ 1500ರ ಕಾಗದ, ಬಳಿಕ 2000ದ್ದು. ನಂಬರ್ ಏರಿದಷ್ಟೂ ಹರಳು ಸಣ್ಣದು. ಕಾಗದವನ್ನು ಮೊದಲೇ ನೆನೆಸಿ, ರಬ್ಬರಿನ ತುಂಡಿಗೆ ಸುತ್ತಿ, ಒಂದೆರಡು ತೊಟ್ಟು ಶಾಂಪೂ ಬೆರೆಸಿದ ನೀರು ಹನಿಸುತ್ತ, ನೆರಳಿನಲ್ಲಿ, ಮಗುವಿನ ಬೆನ್ನು ಸವರುವಷ್ಟೇ ಭಾರ ಬಿಟ್ಟು ಉಜ್ಜಿದೆ. ನಾಲ್ಕು ಎಳೆತಕ್ಕೊಮ್ಮೆ ಒರೆಸಿ ನೋಡು ಎಂಬುದು ಅವರ ಹುಕುಂ. ಹೊಳೆಯುವ ಚುಕ್ಕೆಗಳು ಅಡಗಿ ಮೈಯೆಲ್ಲ ಒಂದೇ ಸಮನಾಗಿ ಮಂಕಾದರೆ ಮುಗಿಯಿತು. ಆ ಮಂಕನ್ನು ಕಂಡು ಎದೆಯೊಡೆದುಕೊಳ್ಳಬಾರದು. ಕಾಂಪೌಂಡ್, ಅನಂತರ ನಯವಾದ ಪಾಲಿಶ್ ಹಚ್ಚಿ ತಿಕ್ಕಿದಾಗ ಹಸಿರು ಒಳಗಿನಿಂದ ಎದ್ದುಬರುತ್ತದೆ. ಕೊನೆಯದು ಮೇಣ. ಅದು ಹೊಳಪನ್ನು ಕಾಯುತ್ತದೆಯೇ ಹೊರತು ಹೋದ ಬಣ್ಣವನ್ನು ತಂದುಕೊಡುವುದಿಲ್ಲ.

ಮೈಸೂರು ರಸ್ತೆಯಲ್ಲಿ ಚನ್ನಪಟ್ಟಣದವರೆಗೆ ಹೋದರೆ ಇದರ ತದ್ವಿರುದ್ಧವನ್ನು ಕಾಣಬಹುದು. ಅಲ್ಲಿಯ ಕುಶಲಕರ್ಮಿಗಳು ತಿರುಗುವ ಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಹರಡಿಕೊಳ್ಳುತ್ತದೆ. ಕೊನೆಗೆ ಕೇದಗೆಯ ಗರಿ ಸೋಕಿಸಿದರೆ ಹೊಳಪು ಬರುತ್ತದೆ. ಅವರು ಬಣ್ಣವನ್ನು ಕೂಡಿಸುತ್ತ ಹೊಳಪು ಪಡೆಯುತ್ತಾರೆ. ನಾವು ಕಾರಿನವರು ಕಳೆಯುತ್ತ ಪಡೆಯಬೇಕು.

ನೀರಿನ ಮಾತನ್ನು ಬೆಂಗಳೂರಿನವರು ಮರೆಯುವಂತಿಲ್ಲ. 2024ರ ಮಾರ್ಚ್‌ನಲ್ಲಿ ಬರದ ಬವಣೆ ತಲೆದೋರಿದಾಗ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ನಮ್ಮ ಕೆಲಸಕ್ಕೆ ಪೈಪು ಬಿಡಬೇಕಾಗಿಲ್ಲ. ಬಾಗಿಲೊಂದಕ್ಕೆ ಅರ್ಧ ಬಕೆಟ್ ಧಾರಾಳವಾಗಿ ಸಾಕು. ಕೊಳವೆಬಾವಿಯ ಗಡಸು ನೀರಾದರೆ ಆರುವ ಮುನ್ನ ಒರೆಸಿಬಿಡಬೇಕು. ಇಲ್ಲವಾದರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿದು, ಅವನ್ನು ತೆಗೆಯಲು ಮತ್ತೆ ಉಜ್ಜಬೇಕಾದೀತು!

ಮದುವೆಯ ದಿನ ಮಾವಿನ ತೋರಣ, ಸೇವಂತಿಗೆ ಹಾರಗಳಿಂದ ಸಿಂಗರಿಸಿಕೊಂಡ ಪದ್ಮಿನಿ ಮಂಟಪದ ಮುಂದೆ ನಿಂತಿತು. ನೆರಳಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ಬಿಸಿಲು ಬಿದ್ದಾಗ ಮಾತ್ರ ಎಡಬಾಗಿಲಿನ ಹಸಿರು ಮಿಕ್ಕ ಮೈಗಿಂತ ಒಂದು ಎಳೆ ತಿಳಿಯಾಗಿ ಕಾಣುತ್ತಿತ್ತು. ಫೋಟೋದವನು ಎಲ್ಲರನ್ನೂ ಕಾರಿನ ಬಳಿ ನಿಲ್ಲಿಸಿದ. “ಯಜಮಾನರೇ, ಸ್ವಲ್ಪ ಈ ಕಡೆ ಬನ್ನಿ, ಬಾಗಿಲು ಮರೆಯಾಗುತ್ತೆ,” ಎಂದು ತಂದೆಯವರನ್ನು ಕರೆದ. “ಇಲ್ಲೇ ಇರಲಿ ಬಿಡಪ್ಪ,” ಎಂದು ಅವರು ಕದಲದೆ, ಅಂಗೈಯನ್ನು ಅದೇ ಮಡಿಕೆಯ ಮೇಲೆ ಊರಿ ನಿಂತರು.