ಬ್ಯಾಟಿ ಬಂದ್ ಆತು, ರುಚಿನೂ ಬಂದ್ ಆಗಬೇಕೇನ್ರಿ?

ಸಗರನಾಡಿನಾಗ ಬೇಟೆ ಅಂದರೆ ಬರೀ ಹೊಟ್ಟಿಪಾಡಲ್ಲ, ಅಭಿಮಾನದ ಮಾತು. ಸುರಪುರ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ ಔರಂಗಜೇಬನಿಗೇ ಬೆವರಿಳಿಸಿದವರು. ಅಂಥ ನಾಡಿನಲ್ಲಿ ಮೊಲ, ಕೌಜುಗದ ಸುದ್ದಿ ತೆಗೆದರೆ ಮುದುಕರ ಬಾಯಲ್ಲಿ ಇವತ್ತಿಗೂ ನೀರು!

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆಟ ಬೇರೆ. 2022ರ ತಿದ್ದುಪಡಿಯಂತೂ ದಂಡವನ್ನು ಲಕ್ಷ ರೂಪಾಯಿ ತನಕ ಏರಿಸಿತು. ಮೂರು ವರ್ಷದ ತನಕ ಜೈಲೂ ಆಗಬಹುದು. 2025ರ ಯುಗಾದಿಯಲ್ಲಿ ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಮೊಲದ ಬೇಟೆಗೆ ಕೇಸೇ ಆಯಿತು. ಆದ್ದರಿಂದ ಯಾರಾದರೂ ಬಸ್ ಸ್ಟ್ಯಾಂಡಿನ ಮೂಲ್ಯಾಗ ಚೀಲ ಬಿಚ್ಚಿ "ಕೌಜುಗ ಅದಾವ್ರಿ, ಬೇಕೇನು?" ಅಂದರೆ ಬೆನ್ನು ತಿರುಗಿಸಿ ಬಸ್ ಹತ್ತಿ. ಕೊಂಡವನೂ ಸಿಕ್ಕಿಬೀಳ್ತಾನೆ.

ಬೇಟೆ ಮಾಂಸವನ್ನು ಗೋಧಿ ಕಣಕದೊಳಗೆ ಮುಚ್ಚಿ ಸುಡುವುದು ಇಂಗ್ಲಿಷರ ಊಟ. ಅದಕ್ಕೆ ಪೈ ಅಂತಾರೆ. 1853ರ ತನಕ ಸುರಪುರದಲ್ಲಿದ್ದ ಮೆಡೋಸ್ ಟೇಲರನ ದೇಶದವರದ್ದು. (ಅವನ ಬಂಗಲೆ ಟೇಲರ್ ಮಂಜಿಲ್ ಗುಡ್ಡದ ಮೇಲಿದೆ, ನೋಡದವರು ನೋಡಿ.) ಕಾಡುಪ್ರಾಣಿ ಓಡಿ ಓಡಿ ಬೆಳೆದದ್ದು, ಕೊಬ್ಬು ಕಮ್ಮಿ, ಖಂಡ ಗಟ್ಟಿ. ಅದಕ್ಕೇ ನಿಧಾನ ಬೇಯಿಸಿ, ಕೊಬ್ಬು ಸೇರಿಸುತ್ತಿದ್ದರು. ಆ ಗಡಸು ರುಚಿ ಬೇಕೆಂದರೆ ಎಳೆ ಮರಿ ಬ್ಯಾಡ, ಬಲಿತ ಹೋತಿನ ತೊಡಿ ಕೇಳಿ. ಖಟಿಕರು ನಗಬಹುದು, ನಗಲಿ.

ಅರ್ಧ ಕಿಲೋ ಖಂಡಕ್ಕೆ ಅಲ್ಲ, ಬಳ್ಳೊಳ್ಳಿ, ಉಪ್ಪು, ಅರಿಶಿಣ ಹಚ್ಚಿ ಮೆತ್ತಗಾಗುವ ತನಕ ಬೇಯಿಸಿ, ಎಲುಬು ತೆಗೆದು ಹರಿಯಿರಿ. ಎರಡು ಉಳ್ಳಾಗಡ್ಡಿ ಕೆಂಪಗೆ ಹುರಿದು ಖಾರಪುಡಿ, ಮಸಾಲಿ, ಒಣಕೊಬ್ಬರಿ ಕೂಡಿಸಿ, ರಸ ಪೂರ್ತಿ ಆರಿಸಿ. ಇಲ್ಲೇ ಬಹಳ ಮಂದಿ ಅವಸರ ಮಾಡ್ತಾರೆ. ಹೂರಣ ಹಸಿಯಾಗಿದ್ದರೆ, ಬಿಸಿಯಾಗಿದ್ದರೆ ತಳದ ಕಣಕ ಬೇಯುವುದೇ ಇಲ್ಲ, ಹಿಟ್ಟು ಹಿಟ್ಟಾಗಿ ಅಂಟುತ್ತದೆ. ಪೂರ್ತಿ ತಣ್ಣಗಾಗಲಿ.

300 ಗ್ರಾಂ ಗೋಧಿಹಿಟ್ಟಿಗೆ 100 ಗ್ರಾಂ ಡಾಲ್ಡಾ ತಿಕ್ಕಿ, ತಣ್ಣೀರು ಚಿಮುಕಿಸಿ ಗಟ್ಟಿ ಕಲಸಿ. ಎಣ್ಣಿ ಹಚ್ಚಿದ ಡಬ್ಬಿಯೊಳಗೆ ದೊಡ್ಡ ಹಾಳೆ, ಅದರ ಮೇಲೆ ಹೂರಣ, ಮೇಲೊಂದು ಸಣ್ಣ ಹಾಳೆ. ಅಂಚನ್ನು ಕಡುಬಿನ ಹಾಗೆ ಒತ್ತಿ. ನಡುವೆ ತೂತು ಬೇಕೇ ಬೇಕು, ಹಬೆ ಹೊರಗೆ ಹೋಗಬೇಕಲ್ಲ!

ಓವನ್ ಎಲ್ಲಿಂದ ತರೋಣ? ದಪ್ಪ ಬೋಗುಣಿಯ ತಳಕ್ಕೆ ಮರಳು ಹರವಿ ಕಾಯಿಸಿ, ಡಬ್ಬಿ ಇಟ್ಟು ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹರಡಿ. ಸಣ್ಣ ಉರಿ, ಮುಕ್ಕಾಲು ತಾಸು. ಗ್ಯಾಸಿನವರು ಮೇಲ್ಭಾಗ ಕೆಂಪಾಗಲು ಕೊನೆಗೆ ಹಂಚಿನ ಮೇಲೆ ಬೋರಲು ಹಾಕಲಿ.

ಇಳಿಸಿದ ಕೂಡಲೇ ಕೊಯ್ಯಬ್ಯಾಡ್ರಿ, ಕಾಲು ತಾಸು ಬಿಡಿ. ಮರುದಿನ ಬುತ್ತಿಗೂ ಬರುತ್ತದೆ, ಆದರೆ ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿಕೊಂಡು ಕಟ್ಟಿಕೊಳ್ಳಿ. ಶಹಾಪುರದ ಬಿಸಿಲಿಗೆ ಹಸಿ ಉಳ್ಳಾಗಡ್ಡಿ, ಮೊಸರು ಜೋಡಿಗಿದ್ದರೆ ಸಾಕು.