ಮೊದಲ ಮನೆಗೆ ಸರ್ಕಾರದ ನೆರವು: ಕರೆಯುವ ಹಸು ಮಾರದೆ ಮನೆ ಕಟ್ಟುವುದು ಹೇಗೆ?



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಮಾಡಿಲ್ಲ. ಎರಡರಲ್ಲೂ ಅಂದಾಜಿನ ಖರ್ಚೇ ಒಂದು, ಆಗುವ ಖರ್ಚೇ ಇನ್ನೊಂದು. ಮನೆ ಮಂಜೂರಾಯಿತೆಂಬ ಸಂತೋಷದಲ್ಲಿ ಹಳೆಯ ಮನೆ ಕೆಡವುತ್ತೇವೆ. ನೆರವಿನ ಹಣಕ್ಕೆ ಮೀರಿ ದೊಡ್ಡ ಪಾಯ ಹಾಕುತ್ತೇವೆ. ಗೋಡೆ ಏಳುವ ಹೊತ್ತಿಗೆ ಕೈ ಬರಿದಾಗುತ್ತದೆ. ಕೊನೆಗೆ ಕಣ್ಣಿಗೆ ಬೀಳುವುದು ಕೊಟ್ಟಿಗೆಯಲ್ಲಿರುವ ಕರೆಯುವ ಹಸು. ಸಾಲ ತೀರಿಸಬೇಕಾದ ಹಸುವನ್ನೇ ಮಾರಿದ ಮೇಲೆ ಸಾಲ ತೀರುವುದು ಯಾವುದರಿಂದ? ಆದ್ದರಿಂದ ಮೊದಲ ಪಕ್ಕಾ ಮನೆಗೆ ಸರ್ಕಾರದಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ, ಹೈನುಗಾರರು ವಿಶೇಷವಾಗಿ ಯಾವುದಕ್ಕೆ ಗಮನ ಕೊಡಬೇಕು ಎಂಬುದನ್ನು ಇಲ್ಲಿ ವಿವರಿಸಿದೆ.

ಯೋಜನೆಯ ಹಿನ್ನೆಲೆ

ಜನತಾ ಮನೆ, ಆಶ್ರಯ ಮನೆ ಎಂಬ ಹೆಸರುಗಳು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕೇಂದ್ರ ಸರ್ಕಾರ 1985-86ರಲ್ಲಿ ಆರಂಭಿಸಿದ ಇಂದಿರಾ ಆವಾಸ್ ಯೋಜನೆ 1996ರ ಜನವರಿ 1ರಿಂದ ಸ್ವತಂತ್ರ ಯೋಜನೆಯಾಯಿತು. 2016ರ ಏಪ್ರಿಲ್‌ನಿಂದ ಅದರ ಸ್ಥಾನದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಬಂದಿದೆ. 2024ರಲ್ಲಿ ಇದನ್ನು 2028-29ರವರೆಗೆ ಮುಂದುವರಿಸಿ, ದೇಶದಲ್ಲಿ ಇನ್ನೂ 2 ಕೋಟಿ ಮನೆಗಳ ಗುರಿ ಇಟ್ಟುಕೊಳ್ಳಲಾಗಿದೆ. ಕರ್ನಾಟಕದಲ್ಲಿ ವಸತಿ ಯೋಜನೆಗಳನ್ನು ನೋಡಿಕೊಳ್ಳುವುದು 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ ಎಂಬ ರಾಜ್ಯದ ಯೋಜನೆಗಳೂ ಇದೇ ನಿಗಮದ ಮೂಲಕ ನಡೆಯುತ್ತವೆ. ಯಾವ ಯೋಜನೆಯಾದರೂ ನಿಮಗೆ ಬಾಗಿಲು ಗ್ರಾಮ ಪಂಚಾಯಿತಿಯೇ.

ಯಾರಿಗೆ ಸಿಗುತ್ತದೆ?

ಮನೆಯಿಲ್ಲದವರಿಗೆ, ಇಲ್ಲವೇ ಮಣ್ಣಿನ ಗೋಡೆ, ಹುಲ್ಲು, ಗರಿ ಅಥವಾ ನಾಡಹೆಂಚಿನ ಮಾಡಿನ ಒಂದೆರಡು ಕೋಣೆಯ ಕಚ್ಚಾ ಮನೆಯಲ್ಲಿ ಇರುವವರಿಗೆ. ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಈ ಕುಟುಂಬದ ಯಾರ ಹೆಸರಿನಲ್ಲೂ ಪಕ್ಕಾ ಮನೆ ಇರಬಾರದು. ಹಿಂದೆ ಸರ್ಕಾರದ ಮನೆ ಪಡೆದಿರಬಾರದು. ನೆರವು ಮೊದಲ ಮನೆಗೆ ಮಾತ್ರ ಎಂಬುದೇ ಇದರ ಮೂಲ ನಿಯಮ.

ಇದಲ್ಲದೆ ಕೆಲವು ಕುಟುಂಬಗಳನ್ನು ಪಟ್ಟಿಯಿಂದ ಹೊರಗಿಡುವ ನಿಯಮಗಳಿವೆ. 2024ರಲ್ಲಿ ಪರಿಷ್ಕರಿಸಿದ ನಿಯಮಗಳ ಪ್ರಕಾರ ಈ ಕೆಳಗಿನ ಯಾವುದೊಂದಿದ್ದರೂ ಕುಟುಂಬ ಅರ್ಹವಲ್ಲ:

1. ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ.
2. ಮೂರು ಅಥವಾ ನಾಲ್ಕು ಚಕ್ರದ ಕೃಷಿ ಯಂತ್ರ.
3. 50,000 ರೂಪಾಯಿ ಅಥವಾ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್.
4. ಕುಟುಂಬದಲ್ಲಿ ಸರ್ಕಾರಿ ನೌಕರರು.
5. ಸರ್ಕಾರದಲ್ಲಿ ನೋಂದಾಯಿಸಿದ ಕೃಷಿಯೇತರ ಉದ್ಯಮ.
6. ತಿಂಗಳಿಗೆ 15,000 ರೂಪಾಯಿಗಿಂತ ಹೆಚ್ಚು ದುಡಿಯುವ ಸದಸ್ಯರು.
7. ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ ಕಟ್ಟುವವರು.
8. ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಜಮೀನು. ಇಲ್ಲವೇ 5 ಎಕರೆ ಅಥವಾ ಹೆಚ್ಚು ಖುಷ್ಕಿ ಜಮೀನು.

ಹಿಂದೆ ದ್ವಿಚಕ್ರ ವಾಹನ ಅಥವಾ ಫ್ರಿಜ್ ಇದ್ದರೂ ಮನೆ ಸಿಗುತ್ತಿರಲಿಲ್ಲ. 2024ರಲ್ಲಿ ಆ ಷರತ್ತುಗಳನ್ನು ಕೈಬಿಡಲಾಗಿದೆ. ಕ್ಯಾನು ಕಟ್ಟಿಕೊಂಡು ಡೇರಿಗೆ ಬರುವ ಬೈಕು ಇದೆಯೆಂದು ಯಾರೂ ಹಿಂಜರಿಯಬೇಕಾಗಿಲ್ಲ.

ಹೈನುಗಾರರು ಗಮನಿಸಬೇಕಾದ ಎರಡು ವಿಷಯ

ಮೊದಲನೆಯದು ಕಿಸಾನ್ ಕ್ರೆಡಿಟ್ ಕಾರ್ಡ್. 2018-19ರ ಮುಂಗಡಪತ್ರದ ನಂತರ ಈ ಕಾರ್ಡಿನ ಸೌಲಭ್ಯ ಪಶುಸಂಗೋಪನೆಗೂ ದೊರೆತಿದೆ. ಮೇವು, ಹಿಂಡಿ, ಔಷಧಿ ಖರ್ಚಿಗೆ ಇದು ಉಪಕಾರಿಯೇ ಸರಿ. ಆದರೆ ಮೇಲಿನ ಪಟ್ಟಿಯ ಮೂರನೆಯ ಅಂಶ ನೋಡಿ. ಅಲ್ಲಿ ಲೆಕ್ಕಕ್ಕೆ ಬರುವುದು ಕಾರ್ಡಿನ ಮಿತಿ. ನೀವು ತೆಗೆದುಕೊಂಡ ಹಣವಲ್ಲ. 20,000 ರೂಪಾಯಿ ಮಾತ್ರ ಬಳಸಿದ್ದರೂ ಮಿತಿ 50,000 ಇದ್ದರೆ ಅಡ್ಡಿಯಾಗುತ್ತದೆ. ಕಚ್ಚಾ ಮನೆಯಲ್ಲಿದ್ದು ಮನೆಯ ನಿರೀಕ್ಷೆಯಲ್ಲಿರುವ ಸದಸ್ಯರು ಕಾರ್ಡಿಗೆ ಅರ್ಜಿ ಹಾಕುವ ಮೊದಲು ಎರಡರ ಲಾಭವನ್ನೂ ತೂಗಿ ನೋಡಬೇಕು. ಎಷ್ಟು ಮಿತಿ ಎಂದು ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಇರುವ ಕಾರ್ಡನ್ನು ಮುಚ್ಚಿಟ್ಟು ಅರ್ಜಿ ಕೊಡುವುದು ಬೇಡ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಕಟ್ಟಿದ ಗೋಡೆ ಅರ್ಧಕ್ಕೆ ನಿಂತೀತು.

ಎರಡನೆಯದು ಆದಾಯ. ಹಾಲಿನ ಬಟವಾಡೆ ಬ್ಯಾಂಕ್ ಖಾತೆಗೆ ಬರುವುದರಿಂದ ಪಾಸ್ ಪುಸ್ತಕದಲ್ಲಿ ಕಾಣುವುದು ಒಟ್ಟು ಹಣ. ಅದರಲ್ಲಿ ಹಿಂಡಿ, ಮೇವು, ಔಷಧಿ, ರಾಸು ವಿಮೆಯ ಖರ್ಚು ಸೇರಿರುತ್ತದೆ. ಸಂಘದ ಪಾಸ್ ಪುಸ್ತಕ ಮತ್ತು ಪಶು ಆಹಾರ ಕೊಂಡ ರಸೀದಿಗಳನ್ನು ಜೋಪಾನ ಮಾಡಿಟ್ಟುಕೊಳ್ಳಿ. ಕೇಳಿದಾಗ ನಿಮ್ಮ ದುಡಿಮೆಯನ್ನು ವಿವರಿಸಿ ತೋರಿಸಲು ಇವು ಬೇಕಾಗುತ್ತವೆ.

ಎಷ್ಟು ಹಣ, ಹೇಗೆ ಬರುತ್ತದೆ?

ಕೇಂದ್ರದ ಗ್ರಾಮೀಣ ಯೋಜನೆಯಲ್ಲಿ ಬಯಲುಸೀಮೆಯ ಮನೆಯೊಂದಕ್ಕೆ 1,20,000 ರೂಪಾಯಿ, ಗುಡ್ಡಗಾಡು ಪ್ರದೇಶದಲ್ಲಿ 1,30,000 ರೂಪಾಯಿ ನಿಗದಿಯಾಗಿದೆ. ಬಯಲು ಪ್ರದೇಶದ ರಾಜ್ಯಗಳಲ್ಲಿ ಇದರ ನೂರಕ್ಕೆ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. 2016ರ ಮಾರ್ಗಸೂಚಿಯಲ್ಲಿ ಇದರ ಜೊತೆಗೆ ಸ್ವಚ್ಛ ಭಾರತ ಯೋಜನೆಯಿಂದ ಶೌಚಾಲಯಕ್ಕೆ 12,000 ರೂಪಾಯಿ, ಉದ್ಯೋಗ ಖಾತರಿಯಿಂದ 90 ಮಾನವ ದಿನಗಳ ಕೂಲಿಯನ್ನೂ ಸೇರಿಸಲಾಗಿತ್ತು. ಉದ್ಯೋಗ ಖಾತರಿಗೆ 2025ರಲ್ಲಿ ಹೊಸ ಕಾಯ್ದೆ ಬಂದಿರುವುದರಿಂದ ಕೂಲಿಯ ಭಾಗದ ಬಗ್ಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಲ್ಲಿ ವಿಚಾರಿಸಿಯೇ ಲೆಕ್ಕ ಹಾಕಿ.

ಈ ಹಣ ಒಂದೇ ಸಲ ಬರುವುದಿಲ್ಲ. ಪಾಯ, ಲಿಂಟಲ್, ಛಾವಣಿ, ಪೂರ್ಣ ಹೀಗೆ ಕೆಲಸದ ಹಂತ ನೋಡಿ, ಸ್ಥಳದ ಗುರುತು ಸಮೇತ ಫೋಟೋ ತೆಗೆದ ಮೇಲೆ ಕಂತುಗಳು ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತವೆ. ಕಂತು ತಡವಾದರೂ ಕೆಲಸ ನಿಲ್ಲದಂತೆ ಒಂದು ಹಂತಕ್ಕಾಗುವಷ್ಟು ಹಣ ನಿಮ್ಮ ಕೈಯಲ್ಲಿರಲಿ. ಕೇಂದ್ರದ ಯೋಜನೆಯಲ್ಲಿ ಮಂಜೂರಾದ 12 ತಿಂಗಳೊಳಗೆ ಮನೆ ಮುಗಿಯಬೇಕು. ಗುತ್ತಿಗೆದಾರರಿಗೆ ಒಪ್ಪಿಸದೆ ಫಲಾನುಭವಿಯೇ ನಿಂತು ಕಟ್ಟಿಸಬೇಕೆಂಬುದು ನಿಯಮ. ಹಣ ಕೊಡಿಸುತ್ತೇನೆಂದು ಪಾಲು ಕೇಳುವವರನ್ನು ದೂರವಿಡಿ. ಈ ಯೋಜನೆಯಲ್ಲಿ ಮಧ್ಯವರ್ತಿಗೆ ಜಾಗವೇ ಇಲ್ಲ.

ಅಳತೆಗೆ ತಕ್ಕ ಮನೆ

ಮನೆಯ ಕನಿಷ್ಠ ಅಳತೆ ಅಡುಗೆ ಜಾಗವೂ ಸೇರಿ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ. 1,20,000 ರೂಪಾಯಿಯನ್ನು ಇದಕ್ಕೆ ಭಾಗಿಸಿದರೆ ಚದರ ಅಡಿಗೆ ಸುಮಾರು 446 ರೂಪಾಯಿ ಬೀಳುತ್ತದೆ. ನಿಮ್ಮೂರಿನ ಗಾರೆ ಮೇಸ್ತ್ರಿ ಹೇಳುವ ದರದೊಡನೆ ಇದನ್ನು ಹೋಲಿಸಿ. ಆ ವ್ಯತ್ಯಾಸವೇ ನೀವು ಕೈಯಿಂದ ಹಾಕಬೇಕಾದ ಹಣ. ಮನೆ ಒಂದೊಂದು ಅಡಿ ಬೆಳೆದಂತೆ ನಿಮ್ಮ ಪಾಲು ಬೆಳೆಯುತ್ತದೆಯೇ ಹೊರತು ಸರ್ಕಾರದ ಪಾಲು ಬೆಳೆಯುವುದಿಲ್ಲ. ಮೊದಲು ಚಿಕ್ಕದಾಗಿ ಗಟ್ಟಿಯಾಗಿ ಕಟ್ಟಿ, ಮುಂದೆ ಕೋಣೆ ಸೇರಿಸಲು ಒಂದು ಪಕ್ಕ ಜಾಗ ಬಿಟ್ಟುಕೊಳ್ಳುವುದು ಜಾಣತನ.

ಇಚ್ಛಿಸುವ ಫಲಾನುಭವಿಗಳಿಗೆ ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೊಡಿಸಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. 5 ವರ್ಷದಲ್ಲಿ ತೀರಿಸುವುದಾದರೆ ಅಸಲೇ ತಿಂಗಳಿಗೆ ಸುಮಾರು 1,167 ರೂಪಾಯಿ, ಬಡ್ಡಿ ಬೇರೆ. ಈಗ ಹಸುವಿನ ಲೆಕ್ಕ ನೋಡಿ. ದಿನಕ್ಕೆ 8 ಲೀಟರ್‌ನಂತೆ 300 ದಿನ ಕರೆಯುವ ಹಸು ಒಂದು ಕರಾವಿನಲ್ಲಿ 2,400 ಲೀಟರ್ ಹಾಲು ಕೊಡುತ್ತದೆ. ಎಲ್ಲ ಖರ್ಚು ಕಳೆದು ಲೀಟರಿಗೆ 10 ರೂಪಾಯಿ ಉಳಿದರೂ 24,000 ರೂಪಾಯಿ ಆಯಿತು. ಸಾಲದ ಕಂತು ಕಟ್ಟುವುದು ಈ ಹಣವೇ. ಹಸು ಮಾರಿದರೆ ಹಣ ಒಂದು ಸಲ ಬರುತ್ತದೆ. ಕಂತು ಮಾತ್ರ ಪ್ರತಿ ತಿಂಗಳೂ ಬರುತ್ತದೆ.

ಕಟ್ಟುವ ಕಾಲದಲ್ಲಿ ರಾಸುಗಳ ಕಾಳಜಿ

ಮಂಜೂರಾತಿ ಆದೇಶ ಕೈಗೆ ಬರುವವರೆಗೆ ಹಳೆಯ ಮನೆಗೆ ಹಾರೆ ಹಾಕಬೇಡಿ. ಮನೆಗೆ ಅಂಟಿಕೊಂಡೇ ಕೊಟ್ಟಿಗೆಯಿದ್ದರೆ ಮೊದಲು ರಾಸುಗಳಿಗೆ ನೆರಳು ಮಾಡಿ, ಆಮೇಲೆ ಕೆಡವಿ. ಮೊಳೆ, ಕಂಬಿ ಕಟ್ಟುವ ತಂತಿಯ ತುಂಡು ಮೇವಿನಲ್ಲಿ ಸೇರಿ ಹೊಟ್ಟೆಗೆ ಹೋದರೆ ಎದೆಗೂಡಿನವರೆಗೆ ಚುಚ್ಚಿ ಹಸುವಿನ ಪ್ರಾಣಕ್ಕೇ ಕುತ್ತು. ಹುಲ್ಲಿನ ಬಣವೆಯ ಬಳಿ ಕಂಬಿ ಕೆಲಸ ಮಾಡಿಸಬೇಡಿ. ಖಾಲಿಯಾದ ಬಣ್ಣದ ಡಬ್ಬಗಳನ್ನು ದನ ನೆಕ್ಕದಂತೆ ದೂರ ಹಾಕಿ.

ಪೇಟೆಯಲ್ಲಿರುವ ಮಕ್ಕಳಿಗೆ

ಕೆಲಸಕ್ಕಾಗಿ ಊರು ಬಿಟ್ಟು ಪಟ್ಟಣದಲ್ಲಿ ಸಂಸಾರ ಹೂಡಿದ ಮಕ್ಕಳಿಗೆ ಬೇರೆ ಯೋಜನೆಯಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0, 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ 9 ಲಕ್ಷದವರೆಗೆ ಆದಾಯವಿರುವ ಕುಟುಂಬ 35 ಲಕ್ಷದೊಳಗಿನ ಮನೆಗೆ 25 ಲಕ್ಷದವರೆಗೆ ಸಾಲ ಮಾಡಿದರೆ, ಮೊದಲ 8 ಲಕ್ಷಕ್ಕೆ ನೂರಕ್ಕೆ 4ರಂತೆ ಬಡ್ಡಿ ಸಹಾಯಧನವಿದೆ. ಇದು 5 ವಾರ್ಷಿಕ ಕಂತುಗಳಲ್ಲಿ ಹೆಚ್ಚೆಂದರೆ 1.80 ಲಕ್ಷ ರೂಪಾಯಿ. ಇಲ್ಲೂ ದೇಶದ ಯಾವ ಭಾಗದಲ್ಲೂ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು.

ಈಗ ಮಾಡಬೇಕಾದ ಕೆಲಸ

ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ಆ ದಿನ ಹಾಲು ಹಾಕಿದವರೇ ಸಭೆಗೆ ಹೋಗಿ, ನಿಮ್ಮ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿವೇಶನದ ಇ-ಸ್ವತ್ತು ದಾಖಲೆ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇರಲಿ. ಮನೆ ಹೆಣ್ಣುಮಕ್ಕಳ ಹೆಸರಿಗೆ ಅಥವಾ ದಂಪತಿಗಳ ಜಂಟಿ ಹೆಸರಿಗೆ ಮಂಜೂರಾಗುವುದರಿಂದ ಮನೆಯೊಡತಿಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಲ್ಲದಿದ್ದರೆ ಈಗಲೇ ತೆರೆಯಿರಿ.

ಸರ್ಕಾರದ ನೆರವು ಮನೆಗೆ ಊರುಗೋಲು ಮಾತ್ರ. ಮನೆಯ ಭಾರ ಹೊರುವುದು ಕೊಟ್ಟಿಗೆ. ಗೃಹಪ್ರವೇಶದ ಮರುದಿನ ಬೆಳಿಗ್ಗೆಯೂ ನಿಮ್ಮ ಹಾಲು ಎಂದಿನಂತೆ ಸಂಘಕ್ಕೆ ಬರಲಿ.